ಹಿತ್ತಲ ಬಾಗಿಲ ಚಿಲಕವೂ ಮನುಷ್ಯನ ಆರಾಮವೂ

ಮನುಷ್ಯನ ಬಾಳನ್ನು ಹುಟ್ಟಿನಿಂದ ಮುಪ್ಪಿನವರೆಗೆ ಅಭ್ಯಾಸ ಮಾಡಿದವನು ನಾನು ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ನಗಲಿ. ಟೈಪು ಮಾಡಿಸಿ ಕೆಂಪು ರಟ್ಟು ಹಾಕಿಸಿದ ಪುರಾವೆ ನನ್ನ ಟ್ರಂಕಿನಲ್ಲಿದೆ. ಯಾವ ವಯಸ್ಸಿನಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ, ಯಾವಾಗ ಹಿಗ್ಗುತ್ತಾನೆ, ಯಾವಾಗ ಕುಗ್ಗುತ್ತಾನೆ, ಯಾಕೆ ಸಿಡುಕುತ್ತಾನೆ ಎಂಬುದೆಲ್ಲ ಅದರಲ್ಲಿ ಸವಿಸ್ತಾರವಾಗಿದೆ. ಇದನ್ನೆಲ್ಲ ಬರೆದ ಪುಣ್ಯಾತ್ಮ ನಲವತ್ತೊಂದನೆಯ ವಯಸ್ಸಿನಲ್ಲಿ ತನ್ನ ಸ್ವಂತ ಮನೆಯಲ್ಲಿ ಹೇಗೆ ನಡೆದುಕೊಂಡ ಎನ್ನುವ ಸಂಗತಿಗೆ ಮಾತ್ರ ಅದರಲ್ಲಿ ಜಾಗ ಸಿಗಲಿಲ್ಲ. ನಾಚಿಕೆ ಬಿಟ್ಟು ಅದನ್ನಿಲ್ಲಿ ಹೇಳುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಶಲವಡಿಯಲ್ಲಿ ಹೈಸ್ಕೂಲು ಮಾಸ್ತರ. ಇನ್ನೊಂದು ಪದವಿ ಇದ್ದರೆ ಮುಂದೆ ಹೆಡ್ ಮಾಸ್ತರ ಆಗುವಾಗ ಅನುಕೂಲ ಎಂದು ಯಾರೋ ಕಿವಿಯೂದಿದರು. ಮೊದಲೇ ನನಗೆ ಓದುವುದೆಂದರೆ ಹುಚ್ಚು. ಓದುತ್ತಾ ಕುಳಿತವನಿಗೆ ಮನೆಯಲ್ಲಿ ಯಾರೂ ಕೆಲಸ ಹೇಳುವುದಿಲ್ಲ ಎನ್ನುವುದು ಆ ಹುಚ್ಚಿನ ಒಂದು ಕಾರಣ ಎಂದು ಈಗ ಅನಿಸುತ್ತದೆ. ಅಂತೂ ರಜೆಯಲ್ಲಿ ಧಾರವಾಡಕ್ಕೆ ಹೋಗಿ ಮನಶ್ಶಾಸ್ತ್ರದ ಪಾಠ ಕೇಳತೊಡಗಿದೆ. ಅಲ್ಲಿ ನಮ್ಮ ಮಾರ್ಗದರ್ಶಕರು ಹಲಗೆಯ ಮೇಲೆ ಒಂದು ಉದ್ದ ಗೆರೆ ಎಳೆದು, “ಈ ತುದಿಗೆ ತೊಟ್ಟಿಲು, ಆ ತುದಿಗೆ ಮುಪ್ಪು. ಈ ನಡುವೆ ಮನುಷ್ಯನ ಸುಖ ಎಲ್ಲೆಲ್ಲಿ ಏರುತ್ತದೆ, ಎಲ್ಲೆಲ್ಲಿ ಇಳಿಯುತ್ತದೆ? ನಿಮ್ಮೂರಿನ ಅರವತ್ತು ಮಂದಿಯನ್ನು ಕೇಳಿ ಗೆರೆ ಎಳೆದುಕೊಂಡು ಬನ್ನಿ. ಯಾರ ಹೆಸರನ್ನೂ ಬರೆಯಬೇಡಿ, ವಯಸ್ಸು ಸಾಕು” ಎಂದರು. ಅರವತ್ತು ಮಂದಿ ಏನು ಮಹಾ ಎಂದು ನಾನು ಒಂದು ಕಟ್ಟು ಫಾರ್ಮು ಅಚ್ಚು ಹಾಕಿಸಿಕೊಂಡು ಬಸ್ಸು ಹತ್ತಿದೆ.

ವಯಸ್ಸು ಸಾಕು ಎಂದವರು ಧಾರವಾಡದವರು. ನಮ್ಮೂರಿನಲ್ಲಿ ಹೆಸರು ಕೇಳಿದರೆ ಅಜ್ಜನ ಹೆಸರೂ ಸೇರಿಸಿ ಹೇಳುತ್ತಾರೆ. ವಯಸ್ಸು ಕೇಳಿದರೆ ಮಾತ್ರ ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಕೈಯಲ್ಲಿ ಕಾಗದ ಹಿಡಿದು ಮನೆ ಬಾಗಿಲಿಗೆ ಬಂದವನು ಸರಕಾರದವನೇ ಎಂದು ಅವರ ನಂಬಿಕೆ. ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಫಕೀರಪ್ಪಜ್ಜನನ್ನು, “ಅಜ್ಜಾ, ನಿಮಗ ವಯಸ್ಸೆಷ್ಟ್ರಿ?” ಎಂದೆ.

“ಯಾತಕ್ಕ ಬೇಕಾಗೇತ್ರಿ ಮಾಸ್ತರ? ಪಿಂಚಣಿ ಫಾರ್ಮೇನು? ಹಂಗಿದ್ರ ಎಪ್ಪತ್ತು ಬರ್ಕೋರಿ.”

“ಪಿಂಚಣಿ ಅಲ್ಲಜ್ಜ, ನನ್ನ ಓದಿನ ಸಲುವಾಗಿ.”

ಅಜ್ಜ ನಿರಾಸೆಯಿಂದ ನನ್ನನ್ನು ನೋಡಿ, “ಓದಿಗಾದ್ರ ಅರವತ್ತು ಸಾಕು ಬಿಡ್ರಿ” ಎಂದ. ಒಂದೇ ಉಸಿರಿನಲ್ಲಿ ಹತ್ತು ವರ್ಷ ಚಿಕ್ಕವನಾದ ಆ ಮನುಷ್ಯನ ಮುಂದೆ ನನ್ನ ವಿಜ್ಞಾನ ಕಂಗಾಲಾಯಿತು. ಇನ್ನೊಬ್ಬ ಅಜ್ಜಿಯಂತೂ, “ನನ್ನ ಹಿರೇಮಗಗ ಮೂರು ಮಕ್ಕಳು. ಆತಗ ಎಷ್ಟಾಗಿರಬೇಕು ಹೇಳ್ರಿ, ಅದಕ್ಕ ಹದಿನಾರು ಕೂಡಿಸ್ರಿ” ಎಂದು ನನಗೇ ಲೆಕ್ಕ ಕೊಟ್ಟಳು. ಸಂತಾನಹರಣ ಆಪರೇಶನ್ನಿಗೆ ಕರೆಯಲು ಬಂದವನೆಂದು ತಿಳಿದು ಒಬ್ಬ ತರುಣ ಜೋಳದ ಹೊಲದೊಳಗೆ ನುಗ್ಗಿದವನು ನಾನು ಹೋಗುವವರೆಗೆ ಹೊರಗೆ ಬರಲಿಲ್ಲ. ಮಕ್ಕಳಾದರೂ ನಿಜ ಹೇಳುತ್ತಾರೆಂದು ನನ್ನ ತರಗತಿಯಲ್ಲಿ “ನಿಮಗ ಅಗದಿ ಖುಷಿ ಆಗೂದು ಯಾವಾಗ?” ಎಂದು ಕೇಳಿದೆ. “ನೀವು ರಜಾ ಹಾಕಿದಾಗ ರೀ ಸರ” ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ಆ ಉತ್ತರವನ್ನು ನಾನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಸೋಲಿಸಿದ್ದು ‘ಆರಾಮ’ ಎಂಬ ಮೂರಕ್ಷರದ ಮಾತು. ಸುಖವಾಗಿದ್ದೀರಾ ಎಂದು ನಮ್ಮ ಕಡೆ ಯಾರೂ ಯಾರನ್ನೂ ಕೇಳುವುದಿಲ್ಲ; “ಆರಾಮ ಇದ್ದೀರೇನ್ರಿ?” ಎನ್ನುತ್ತೇವೆ. ಅದಕ್ಕೆ ಉತ್ತರ “ಆರಾಮ್ರಿ”. ಇದು ಬಾಯಿಂದ ತಾನಾಗಿ ಬರುತ್ತದೆ, ಅದಕ್ಕೆ ಮನಸ್ಸಿನ ಅಪ್ಪಣೆ ಬೇಕಾಗಿಲ್ಲ. ಎತ್ತಿನ ಗಾಡಿಯಿಂದ ಬಿದ್ದು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವನನ್ನು ಕೇಳಿದೆ. “ಅಗದಿ ಆರಾಮ್ರಿ ಮಾಸ್ತರ” ಎಂದ, ಎದ್ದು ಕೂಡಲು ಹೋಗಿ ನೋವಿಗೆ ಕಣ್ಣೀರು ಹಾಕಿದ. ತಮ್ಮನ ಜೊತೆ ಬದುವಿಗಾಗಿ ಆಗ ತಾನೇ ಬಡಿದಾಡಿ ಬಂದವನೂ ಆರಾಮ. ಹದಿನೈದರವರೂ ಆರಾಮ, ಅರವತ್ತೋ ಎಪ್ಪತ್ತೋ ಆದ ಫಕೀರಪ್ಪಜ್ಜನೂ ಆರಾಮ. ನಾನು ಎಳೆದ ಗೆರೆ ಶಲವಡಿಯಿಂದ ನವಲಗುಂದದ ಕಡೆ ಹಾಸಿಕೊಂಡ ಎರೆಭೂಮಿಯ ಹಾಗೆ ಸಪಾಟಾಗಿತ್ತು.

ಮಾರ್ಗದರ್ಶಕರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮೂರಾಗ ಯಾರಿಗೂ ಏನೂ ತ್ರಾಸೇ ಇಲ್ಲೇನ್ರಿ? ಹಂಗಿದ್ರ ನಾನೂ ಅಲ್ಲೇ ಬಂದು ಮನಿ ಮಾಡ್ತೀನಿ. ಅಲ್ಲದ, ಇದರಾಗ ನಡುವಯಸ್ಸಿನ ಹೆಣ್ಣುಮಕ್ಕಳು ಒಬ್ಬರೂ ಇಲ್ಲ. ಅವರು ನಿಮ್ಮೂರಾಗ ಇರೂದಿಲ್ಲೇನು?” ಇರುತ್ತಾರೆ. ಆದರೆ ಪರಗಂಡಸು ಫಾರ್ಮು ಹಿಡಿದು ಅಂಗಳಕ್ಕೆ ಬಂದರೆ ಒಳಗೆ ಹೋಗಿಬಿಡುತ್ತಾರೆ. ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಹೆಂಡತಿ ಗಿರಿಜಾ, ರೊಟ್ಟಿ ಬಡಿಯುತ್ತಾ, “ಫಾರ್ಮು ಇತ್ತಾಗ ಕೊಡ್ರಿ, ನಾ ಕೇಳಿ ಬರ್ಕೊಂಡು ಬರ್ತೀನಿ” ಎಂದಳು. ಅವಳು ಒಂಬತ್ತನೆಯ ಇಯತ್ತೆಯವರೆಗೆ ಓದಿದವಳು, ಅಕ್ಷರಗಳೂ ದುಂಡಗಿವೆ. ನಾನು ಪತ್ರಿಕೆಯಿಂದ ತಲೆ ಎತ್ತದೆ “ಹೂಂ” ಎಂದೆ.

ಈ ‘ಹೂಂ’ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮೂರಿಗೆ ಪತ್ರಿಕೆ ಹನ್ನೊಂದರ ಬಸ್ಸಿಗೆ ಬರುತ್ತಿತ್ತು. ಆಗ ನಾನು ಶಾಲೆಯಲ್ಲಿ. ಹೀಗಾಗಿ ಸಂಜೆ ಓದಬೇಕು. ಗಿರಿಜಾ ಮಾತಾಡುವುದೂ ಸಂಜೆಯೇ. ಎರಡನ್ನೂ ಕೂಡಿಸಿಕೊಂಡು ಹೋಗಲು ನಾನು ‘ಹೂಂ’ ಎಂಬುದನ್ನು ರೂಢಿ ಮಾಡಿಕೊಂಡಿದ್ದೆ. ವಿಷಯ ದೊಡ್ಡದೆಂದು ಅನುಮಾನ ಬಂದರೆ ‘ಹೂಂ, ನೋಡೂಣು’. ಇದರಿಂದ ನಮ್ಮ ಮನೆಯಲ್ಲಿ ಜಗಳವೇ ಇರಲಿಲ್ಲ. ನಾನು ಒಳ್ಳೆಯ ಗಂಡ ಎಂದು ನನಗೆ ಪೂರ್ಣ ಖಾತ್ರಿ ಇತ್ತು.

ಗಿರಿಜಾ ಹದಿನೈದು ದಿನಗಳಲ್ಲಿ ಹನ್ನೆರಡು ಫಾರ್ಮು ತುಂಬಿ ತಂದಳು. ಹೇಗೆ ಕೇಳಿದಳೋ! ಒಬ್ಬರ ಮನೆಯಲ್ಲಿ ಶ್ಯಾವಿಗೆ ಹೊಸೆಯುತ್ತಾ, ಇನ್ನೊಬ್ಬರ ಜೊತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೇಳಿದ್ದಳಂತೆ. ಒಬ್ಬಳೂ ‘ಆರಾಮ್ರಿ’ ಎಂದು ಕೈತೊಳೆದುಕೊಂಡಿರಲಿಲ್ಲ. ಅದರಲ್ಲೂ ಮೂವತ್ತೊಂದನೆಯ ನಂಬರಿನ ಫಾರ್ಮು ಓದಿ ನಾನು ಎದ್ದು ಕುಳಿತೆ. ವಯಸ್ಸು ಮೂವತ್ತಾರು. ಆರಾಮವೋ ಅಲ್ಲವೋ ಎಂದು ಗುರುತು ಹಾಕಲು ನಾನು ಕೊಟ್ಟಿದ್ದ ಐದು ಚೌಕಗಳನ್ನೂ ಹೊಡೆದುಹಾಕಿ ಆ ಹೆಣ್ಣುಮಗಳು ಬದಿಯಲ್ಲಿ ಬರೆಸಿದ್ದಳು: “ಯಾರರೆ ಕೇಳಿದ್ರ ಆರಾಮ.” ಕೆಳಗೆ ಗಂಡನ ಬಗ್ಗೆ ಹೀಗಿತ್ತು:

“ನಮ್ಮನಿಯವರು ಭಾಳ ಒಳ್ಳೇವರು. ಬೈಯೂದಿಲ್ಲ, ಕುಡಿಯೂದಿಲ್ಲ, ಕೇಳಿಸ್ಕೊಳ್ಳೂದೂ ಇಲ್ಲ. ಹಿತ್ತಲ ಬಾಗಿಲ ಚಿಲಕ ಸಡಿಲಾಗಿ ಒಂದು ವರ್ಷ ಆತು. ದಿನಾ ಸಂಜೀಕೆ ರುಬ್ಬೋ ಗುಂಡಕಲ್ಲು ಉಳ್ಳಿಸಿ ಬಾಗಿಲಿಗೆ ಒತ್ತು ಕೊಡ್ತೀನಿ. ಅರ್ಧಕ್ಕ ಬಿಟ್ಟ ಓದು ಮುಗಿಸಬೇಕು ಅಂತ ಆಸೆ ಐತಿ. ಮ್ಯಾಟ್ರಿಕ್ ಪರೀಕ್ಷಾಕ್ಕ ಅರ್ಜಿ ತಂದು ಕೊಡ್ರಿ ಅಂತ ಹೋದ ವರ್ಷ ಮೂರು ಸಲ ಹೇಳಿದೆ. ತಾರೀಖು ದಾಟಿ ಹೋತು. ಈ ವರ್ಷ ಇನ್ನೊಂದು ಸಲ ಕೇಳ್ತೀನಿ. ಅದಾದ ಮ್ಯಾಲೆ ಕೇಳೂದಿಲ್ಲ.”

ಮಾರ್ಗದರ್ಶಕರು ಅದನ್ನು ಎರಡು ಸಲ ಓದಿ ಮೇಜು ಗುದ್ದಿದರು. “ನೋಡ್ರಿ! ಯಾರಾದರೂ ಕೇಳಿದಾಗ ಆರಾಮ ಅಂತ ಹೇಳಿಬಿಡ್ತೀವಿ, ಒಳಗೆ ಬೇರೆ ಇರ್ತದ. ನಿಮ್ಮ ಸಪಾಟು ಗೆರೆಯ ಗುಟ್ಟನ್ನೆಲ್ಲ ಈಕಿ ಮೂರು ಶಬ್ದದಾಗ ಹೇಳ್ಯಾಳ” ಎಂದರು. ನಾನು ಉಬ್ಬಿಹೋದೆ. ಆ ಒಂದು ಫಾರ್ಮಿನ ಮೇಲೆ ಒಂದು ಇಡೀ ಅಧ್ಯಾಯ ಬರೆದೆ. ಬರೆಯುತ್ತಾ ಬರೆಯುತ್ತಾ ಆ ಗಂಡನ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಒಂದು ಚಿಲಕ ರಿಪೇರಿ ಮಾಡಿಸಲು ಆಗದ ಈ ಮಹಾಶಯ ಯಾರು? ಕಿರಾಣಿ ಅಂಗಡಿಯ ಶಿವಪ್ಪನೇ ಇರಬೇಕು ಎಂದು ತೀರ್ಮಾನಿಸಿದೆ. ಅವನ ಅಂಗಡಿ, ಮನೆ ಎರಡೂ ನಮ್ಮ ಹಿತ್ತಲಿಗೆ ಬೆನ್ನು ಹಚ್ಚಿ ಇದ್ದವು. ಅವನೂ ಗಿರಾಕಿಗಳಿಗೆ ಪತ್ರಿಕೆಯೊಳಗಿನಿಂದಲೇ ಉತ್ತರ ಕೊಡುವವನು. ಒಂದು ದಿನ ಬೆಲ್ಲ ಕಟ್ಟಿಸುತ್ತಾ ಅವನಿಗೆ ಉಪದೇಶ ಮಾಡಿದೆ: “ಶಿವಪ್ಪ, ಹೆಂಡತಿ ಮಾತಿಗೆ ಕಿವಿ ಕೊಡಬೇಕಪಾ. ಹಿತ್ತಲ ಬಾಗಿಲ ಚಿಲಕ ಮೊದಲ ರಿಪೇರಿ ಮಾಡಸು.”

ಶಿವಪ್ಪ ಪತ್ರಿಕೆ ಕೆಳಗಿಟ್ಟ. “ಮಾಸ್ತರ, ನಮ್ಮ ಮನಿಗೆ ಹಿತ್ತಲಾನ ಇಲ್ರಿ. ಹಿಂದ ನಿಮ್ಮ ಗ್ವಾಡಿ ಐತಿ. ಅದಿರಲಿ, ದಿನಾ ಸಂಜೀಕೆ ನಿಮ್ಮ ಮನ್ಯಾಗ ಏನೋ ಗಡಗಡ ಉಳ್ಳಿಸಿದ ಸಪ್ಪಳ ಬರ್ತೈತಲ್ಲ, ಏನ್ರಿ ಅದು?”

“ಇಲಿ ಇರಬೇಕು” ಎಂದು ಹೇಳಿ ಬೆಲ್ಲ ತೆಗೆದುಕೊಂಡು ಬಂದೆ. ಇಷ್ಟಾದರೂ ನನಗೆ ಹೊಳೆಯಲಿಲ್ಲ. ಮನಶ್ಶಾಸ್ತ್ರ ಓದುತ್ತಿದ್ದೆನಲ್ಲ, ಅದಕ್ಕೇ ಇರಬೇಕು.

ದೀಪಾವಳಿ ಮುಗಿದ ಮೇಲೆ ಗಿರಿಜಾ ಬಸುರಿ ತಂಗಿಯ ಕುಬಸಕ್ಕೆಂದು ಮಕ್ಕಳನ್ನು ಕರೆದುಕೊಂಡು ತವರುಮನೆ ಯರಗುಪ್ಪಿಗೆ ಹೋದಳು. ಎರಡು ದಿನಕ್ಕಾಗುವಷ್ಟು ರೊಟ್ಟಿ ಬುಟ್ಟಿಯಲ್ಲಿ ಕಟ್ಟಿಟ್ಟಿದ್ದಳು. ಮೊದಲ ದಿನ ಸಂಜೆ ನಾನು ನಿಶ್ಚಿಂತೆಯಿಂದ ಪತ್ರಿಕೆ ಓದುತ್ತಾ ಕುಳಿತಿದ್ದೆ. ಅಡುಗೆಮನೆಯಲ್ಲಿ ಸಪ್ಪಳವಾಯಿತು. ಹೋಗಿ ನೋಡಿದರೆ ಒಂದು ಕರಿ ನಾಯಿ ನನ್ನ ಎರಡು ದಿನದ ರೊಟ್ಟಿಯನ್ನು ಮುಗಿಸುತ್ತಿತ್ತು. ಹಚಾ ಎಂದು ಅದನ್ನು ಓಡಿಸಿ, ಹಿತ್ತಲ ಬಾಗಿಲು ಹಾಕಿ ಚಿಲಕ ಎಳೆದೆ. ಚಿಲಕ ನನ್ನ ಕೈಯಲ್ಲೇ ಬಂತು. ಬದಿಯಲ್ಲಿ ರುಬ್ಬುವ ಗುಂಡುಕಲ್ಲು ಇತ್ತು. ಅದು ಉರುಳಿ ಉರುಳಿ ನೆಲದ ಮೇಲೆ ಒಂದು ಹಾದಿಯೇ ಬಿದ್ದಿತ್ತು.

ಆ ಕಲ್ಲನ್ನು ನಾನೇ ಉರುಳಿಸಿ ಬಾಗಿಲಿಗೆ ಒತ್ತು ಕೊಟ್ಟೆ. ಒಳಗೆ ಬಂದು ಮೂವತ್ತೊಂದನೆಯ ಫಾರ್ಮು ತೆಗೆದು ಮತ್ತೆ ಓದಿದೆ. “ಯಾರರೆ ಕೇಳಿದ್ರ ಆರಾಮ.” ಮಾರ್ಗದರ್ಶಕರೂ ತಪ್ಪಿದ್ದರು, ನಾನೂ ತಪ್ಪಿದ್ದೆ. ಅದು ಶಾಸ್ತ್ರದ ಮಾತಾಗಿರಲಿಲ್ಲ. ಯಾರಾದರೂ ಒಂದು ಮಾತು ಕೇಳಿದರೆ ನಾನು ಆರಾಮ ಇರುತ್ತೇನೆ ಎಂದು ಅವಳು ಬರೆದಿದ್ದಳು. ಅರವತ್ತು ಮಂದಿಯನ್ನು ಹುಡುಕಿಕೊಂಡು ಹೋಗಿ ಕೇಳಿದವನು ಅವಳೊಬ್ಬಳನ್ನು ಕೇಳಿರಲಿಲ್ಲ. ನಿಜವಾಗಿ ಹೇಳುತ್ತೇನೆ, ನನಗೆ ಅಳು ಬಂತು. ಅಷ್ಟರಲ್ಲಿ ಇನ್ನೊಂದು ನೆನಪಾಯಿತು. ಹದಿನೈದು ದಿನದ ಹಿಂದೆ ಗಿರಿಜಾ ಬಾಗಿಲಲ್ಲಿ ನಿಂತು ಏನೋ ಕೇಳಿದ್ದಳು. ಏನೆಂದು ನೆನಪಿಲ್ಲ, ನನ್ನ ಉತ್ತರ ಮಾತ್ರ ನೆನಪಿದೆ. “ಹೂಂ, ನೋಡೂಣು.” ಈ ವರ್ಷದ ಆ ಒಂದು ಸಲ ಅದೇ ಆಗಿತ್ತು. ಅರ್ಜಿಗೆ ಕೊನೆಯ ದಿನ ಶನಿವಾರ. ಅಂದು ಬುಧವಾರ. ಅರ್ಜಿಗಳಿದ್ದದ್ದು ನಮ್ಮ ಶಾಲೆಯ ಕಪಾಟಿನಲ್ಲಿ, ಕಪಾಟಿನ ಚಾವಿ ಇದ್ದದ್ದು ನನ್ನ ಕಿಸೆಯಲ್ಲಿ.

ಮರುದಿನ ಬಡಿಗೇರ ಮೌನೇಶ ಬಂದು, ಅವನಿಗೆಂದು ಕಾಸಿದ ಚಹಾ ಆರುವುದರೊಳಗೆ ನಾಲ್ಕು ಸ್ಕ್ರೂ ಬಿಗಿದು ಎದ್ದ. “ಇಷ್ಟ ಏನ್ರಿ ಕೆಲಸ?” ಎಂದು ನನ್ನನ್ನೇ ಕೇಳಿದ.

ಶುಕ್ರವಾರ ಸಂಜೆ ಗಿರಿಜಾ ಬಂದಳು. ಅಭ್ಯಾಸಬಲದಿಂದ ಗುಂಡುಕಲ್ಲಿಗೆ ಕೈ ಹಾಕಿದವಳು ಚಿಲಕ ನೋಡಿ ನಿಂತಳು. ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನಾನು ಅರ್ಜಿಯನ್ನು ಮುಂದೆ ಹಿಡಿದೆ.

“ಮೂವತ್ತೊಂದನೇದು ಓದಿದ್ರೇನು?” ಎಂದಳು.

“ಓದಿ ನಾಲ್ಕು ತಿಂಗಳಾತು. ತಿಳಿದಿದ್ದು ಮೊನ್ನೆ.”

ಅವಳು ಕೈಚೀಲದೊಳಗಿಂದ ಒಂದು ಹಳೆಯ ಕಾಗದ ತೆಗೆದು ನನ್ನ ಮುಂದಿಟ್ಟಳು. ಯರಗುಪ್ಪಿಯಲ್ಲಿ ಅವಳು ಓದಿದ ಶಾಲೆಯ ದಾಖಲೆ. “ನೀವು ಹೂಂ ಅಂದ್ರಲ್ಲ, ಅದಕ್ಕ ನಾನ ಹೋಗಿ ಇಸ್ಕೊಂಡು ಬಂದೆ. ನಾಳೆ ಮುಂಜಾನೆ ನಿಮ್ಮ ಹೆಡ್ ಮಾಸ್ತರ ಕಡೆ ನಾನ ಹೋಗಿ ಅರ್ಜಿ ಕೇಳಾಕಿ ಇದ್ದೆ.” ಫಾರ್ಮಿನಲ್ಲಿ ಬರೆದ ‘ಕೇಳೂದಿಲ್ಲ’ ಎಂದರೆ ಕೈಬಿಡುತ್ತೇನೆ ಎಂದಲ್ಲ, ನಿಮ್ಮನ್ನು ಕೇಳುವುದಿಲ್ಲ ಎಂದಷ್ಟೇ ಅರ್ಥ. ಇದೂ ನನಗೆ ತಿಳಿದಿರಲಿಲ್ಲ. ಒಂದೇ ಒಂದು ದಿನ ತಡವಾಗಿದ್ದರೆ ಈ ಕಥೆಯಲ್ಲಿ ನನಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ.

ಅರ್ಜಿ ತುಂಬಲು ಇಬ್ಬರೂ ಕುಳಿತೆವು. ಜನ್ಮದಿನಾಂಕ ಎಂಬಲ್ಲಿ ನನ್ನ ಪೆನ್ನು ನಿಂತಿತು. ಊರಿನ ವಯಸ್ಸನ್ನೆಲ್ಲ ಬರೆದುಕೊಂಡವನು ಹೆಂಡತಿಯ ಮುಖ ನೋಡಿದೆ. ಗಿರಿಜಾ ಫಕೀರಪ್ಪಜ್ಜನ ಧ್ವನಿಯಲ್ಲಿ, “ಯಾತಕ್ಕ ಬೇಕಾಗೇತ್ರಿ ಮಾಸ್ತರ?” ಎಂದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಆದರೆ ಪೂರ್ತಿ ನಗೆಯದಲ್ಲ.

ಆ ಚಳಿಗಾಲ ನಮ್ಮ ಮನೆಯಲ್ಲಿ ಸಂಜೆಯ ಹೊತ್ತು ಒಂದು ಕಂದೀಲಿನ ಈಚೆ ನಾನು, ಆಚೆ ಅವಳು. ಕರೆಂಟು ಇದ್ದರೆ ಕಂದೀಲಿಲ್ಲ, ಅಷ್ಟೇ ವ್ಯತ್ಯಾಸ. ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಒಂದು ಸಂಜೆ ನನಗೆ ಹಸಿವಾಗಿ, “ಗಿರಿಜಾ, ಇವತ್ತ ಊಟಕ್ಕೇನು?” ಎಂದೆ. ಅವಳು ಬೀಜಗಣಿತದಿಂದ ತಲೆ ಎತ್ತಲಿಲ್ಲ.

“ಹೂಂ,” ಎಂದಳು. “ನೋಡೂಣು.”

ನಾನು ಎದ್ದು ಒಲೆಯ ಮೇಲೆ ಅನ್ನಕ್ಕೆ ಎಸರಿಟ್ಟು, ಹಿತ್ತಲ ಬಾಗಿಲ ಚಿಲಕ ಹಾಕಿಕೊಂಡು ಬಂದೆ. ನನ್ನನ್ನು ಯಾರೂ ಕೇಳಲಿಲ್ಲ. ಆದರೂ ಹೇಳಿಬಿಡುತ್ತೇನೆ, ಅವತ್ತು ನಾನು ಅಗದಿ ಆರಾಮ ಇದ್ದೆ.