ಹಿತ್ತಲಿನ ಹಿಮಪರೀಕ್ಷೆ

ಎಲ್ಲಕ್ಕೂ ಕಾರಣ ರತ್ನವ್ವನವರ ಒಂದು ಪ್ರಶ್ನೆ. ಎಜ್‌ವೇರ್ ಎಂಬ ಇಂಗ್ಲಿಷ್ ಉಪನಗರದ ಮಹಡಿ ಮನೆಯಿಂದ ಶಿಶಿರ್ ಸ್ಕೀ ಹೊತ್ತು ಇಳಿಯುತ್ತಿದ್ದಾಗ, ಕೆಳಮನೆಯ ರತ್ನವ್ವ ರೊಟ್ಟಿಯ ಗಂಟು ಹಿಡಿದು ಎದುರಾದರು.

"ಜಿನೀವಾದಾಗ ನಮ್ಮ ಮಗಳು ಪ್ರಿಯಾಂಕಾಗ ಮುಟ್ಟಿಸಪಾ. ಅಲ್ಲಾ, ಗುಡ್ಡದ ಹಿಮ ಕುಸದ್ರ ನನ್ನ ರೊಟ್ಟಿ ಗತಿ ಏನು?"

"ನನ್ನ ಗತಿ ಕೇಳಲ್ವಾ ಆಂಟಿ?"

"ನೀನೂ ರೊಟ್ಟಿ ಜೋಡಿನ ಇರ್ತಿ ಅಲ್ಲ!"

ಸ್ಕೀ ಕಟ್ಟಿಕೊಂಡು ಆಲ್ಪ್ಸ್ ಏರಿ, ಯಾರೂ ತುಳಿಯದ ಇಳಿಜಾರಿನಲ್ಲಿ ಜಾರಿ ಬರಬೇಕೆಂಬುದು ಶಿಶಿರನ ಬಹುಕಾಲದ ಹಂಬಲ. ಹಿಮಕುಸಿತದ ಅಪಾಯ ಹೆಚ್ಚಿದೆಯೆಂದು ಹಿಂದಿನ ಎರಡು ಚಳಿಗಾಲ ತಾನೇ ಪ್ರವಾಸ ಕೈಬಿಟ್ಟಿದ್ದ. ಇಂದು ಬೆಳಗಿನ ಮುನ್ಸೂಚನೆಯಲ್ಲಿ ಅಪಾಯ ಕನಿಷ್ಠ ಮಟ್ಟಕ್ಕೆ ಇಳಿದಿತ್ತು. ಸಂಜೆ ವಿಮಾನ. ಬೇಕಾದಷ್ಟು ಸಮಯವಿತ್ತು.

"ಬನ್ನಿ, ತೋರಿಸ್ತೀನಿ."

ಹಿತ್ತಲಿನ ಗೋಡೆಗೆ ಗಾಳಿ ಗುಡ್ಡೆ ಹಾಕಿದ್ದ ಹಿಮದಲ್ಲಿ, ಪ್ರವಾಸದ ಚೀಲದಿಂದ ತೆಗೆದ ಸಲಿಕೆಯಿಂದ ಒಂದು ಹಿಮದ ಕಂಬ ಕಡಿದು, ಅದರ ಮೇಲೆ ಸಲಿಕೆಯಿಟ್ಟು ತಟ್ಟಿದ. ಮೊದಲು ಮಣಿಕಟ್ಟಿನ ಬಲದಿಂದ, ಬಳಿಕ ಮೊಣಕೈಯಿಂದ, ಕೊನೆಗೆ ಭುಜದಿಂದ. "ಗಟ್ಟಿ ಪದರದ ಕೆಳಗೆ ಸಡಿಲ ಪದರ ಇದ್ರೆ ಮೇಲಿಂದು ಜಾರತ್ತೆ. ಅಂಥ ಕಡೆ ನಾನು ಕಾಲಿಡಲ್ಲ."

ಪಕ್ಕದ ಮನೆಯ ಡಾಕ್ಟರ್ ಶೇಷಾದ್ರಿ ಬೇಲಿಯ ಮೇಲಿಂದ ಇಣುಕಿದರು. "ಒಂದೇ ಸ್ಯಾಂಪಲ್‌ಗೆ ಡಯಾಗ್ನೋಸಿಸ್ಸಾ? ನಮ್ಮ ಕಡೇನೂ ನೋಡಪ್ಪ!"

ಆಕ್ಷೇಪ ವೈಜ್ಞಾನಿಕವಾಗಿ ಸರಿಯಾಗಿತ್ತು. ಶಿಶಿರ್ ಬೇಲಿ ದಾಟಿದ. ಆಗಲೇ ದಟ್ಟವಾಗಿ ಹಿಮ ಸುರಿಯತೊಡಗಿತು. ಅವನ ಮುಖ ಹಬ್ಬದ ಬೆಳಗಿನಂತೆ ಬೆಳಗಿತು.

"ಹೊಸ ಪದರ, ಅಂಕಲ್! ಈಗ ಚೆನ್ನಾಗಿ ಗೊತ್ತಾಗತ್ತೆ."

ಮತ್ತೊಂದು ಕಂಬ, ಮಗದೊಂದು. ಡಾಕ್ಟರರೂ ರೋಗಿಯ ಬೆನ್ನನ್ನು ಪರೀಕ್ಷಿಸುವಂತೆ ತಟ್ಟಿದರು. ರತ್ನವ್ವ ಎರಡು ಸಲ ಚಹಾ ತಂದು, ಕೊನೆಗೆ ತೀರ್ಪಿತ್ತರು: "ಆತು, ನಂಬಿಕಿ ಬಂತು. ಹೋಗಿ ಬಾ."

ಮುಂಬಾಗಿಲಿಗೆ ಬಂದರೆ, ಕರೆಸಿದ್ದ ಕ್ಯಾಬ್ ಓಣಿಯ ಏರನ್ನು ಹತ್ತಲಾರದೆ ಎಣ್ಣೆ ಹಚ್ಚಿದ ಕಂಬದ ಮೇಲಿನ ಕೋತಿಯಂತೆ ಹಿಂದಕ್ಕೆ ಜಾರುತ್ತಿತ್ತು. ಚಾಲಕ ಕೈಯಾಡಿಸಿ ಹೊರಟೇಹೋದ.

"ಟ್ಯೂಬ್ ರೈಲೂ ನಿಂತಿದೆಯಂತೆ," ಡಾಕ್ಟರ್ ಫೋನ್ ನೋಡಿ ಹೇಳಿದರು. "ನಿನ್ನ ವಿಮಾನ ಮಾತ್ರ ರೈಟ್ ಟೈಮ್."

"ಆ ಸ್ಕೀನ ಕಾಲಿಗೆ ಕಟ್ಟಿಕೊಂಡು ಜಾರಿಕೋತ ಹೋಗಪಾ!" ಎಂದರು ರತ್ನವ್ವ.

ಮುಂಚೆಯೇ ಆಲ್ಪ್ಸ್ ಸೇರಿದ್ದ ಗೆಳೆಯ ಅಭಿಜಿತ್ ಒಂದು ಚಿತ್ರ ಕಳಿಸಿದ್ದ: ನೀಲಿ ಆಕಾಶ, ಹೆಜ್ಜೆಗುರುತಿಲ್ಲದ ಬಿಳಿ ಇಳಿಜಾರು. ಶಿಶಿರ್ ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ, ಬೆರಳಿನಿಂದಲೇ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಇಳಿದ.

"ರೊಟ್ಟಿ ಇಲ್ಲೇ ತಿನ್ನೂಣು, ಒಳಗ ಬಾ," ರತ್ನವ್ವ ಗಂಟನ್ನು ವಾಪಸು ಪಡೆದರು. "ಅದಕ್ಕಿಂತ ಮೊದಲ ಆ ಸಲಿಕಿಲೆ ಬಾಗಲದಾಗಿನ ಹಿಮ ತೆಗಿಯಪಾ."

ಶಿಶಿರ್ ಹೊಸ್ತಿಲ ಹಿಮದ ಮೇಲೆ ಸಲಿಕೆಯಿಟ್ಟು, ಅಭ್ಯಾಸಬಲದಿಂದ ಒಮ್ಮೆ ತಟ್ಟಿದ. ಅಲುಗಲಿಲ್ಲ. ಅಪಾಯವೇನೂ ಇರಲಿಲ್ಲ.