ಬಣ್ಣ ಬಳಿದ ಬೆನ್ನೆಲುಬು

"ಇನ್ನಿಪ್ಪತ್ತು ವರ್ಷ! ಇನ್ನಿಪ್ಪತ್ತು ವರ್ಷ ಈ ಗಾಡಿಗೆ ಏನೂ ಆಗಾಕಿಲ್ಲ, ಹಂಗೆ ಮಾಡಿಕ್ತೀನಿ, ನೋಡ್ತಿರು!" ಎಂದು ಸೊಣ್ಣಪ್ಪ ದೀಪಾವಳಿಯ ಮರುದಿನ ಬೆಳಗ್ಗೆ ತನ್ನ ಪಿಕಪ್ ವ್ಯಾನಿನ ತಳದಿಂದ ಘೋಷಿಸಿದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಪಾದಗಳು ಮಾತ್ರ. ಪಾದಗಳು ಭೀಷ್ಮಪ್ರತಿಜ್ಞೆ ಮಾಡುವುದನ್ನು ಅವನ ಹೆಂಡತಿ ಮುನಿವೆಂಕಟಮ್ಮ ಅದೇ ಮೊದಲು ನೋಡಿದ್ದು.

"ಇಪ್ಪತ್ತು ವರ್ಷ ಆಮೇಲಿರ್ಲಿ. ಅತ್ತಿಗಮ್ಮನ್ನ ಕರ್ಕೊಂಡ್ ಬರಾಕೆ ಯಾವಾಗ ಹೋಯ್ತೀಯ, ಅದೇಳು" ಎಂದಳು ಆಕೆ.

ಉತ್ತರ ಕೊಡಲು ಸೊಣ್ಣಪ್ಪ ಬಾಯಿ ತೆರೆದ. ಅಂಗೈಯಗಲದ ತುಕ್ಕಿನ ಚಕ್ಕೆಯೊಂದು ಮೇಲಿನಿಂದ ಕಳಚಿ ಸೀದಾ ಅವನ ಬಾಯಿಗೇ ಬಿತ್ತು!

ಕೆಲಮಂಗಲದ ಸುತ್ತಮುತ್ತ ಬೆಳೆದ ಟೊಮ್ಯಾಟೊ, ಕೋಸುಗಳನ್ನು ಹೊಸೂರಿನ ಮಾರ್ಕೆಟ್ಟಿಗೆ ಸಾಗಿಸುವುದು ಸೊಣ್ಣಪ್ಪನ ಕಸುಬು. ಎಮರ್ಜೆನ್ಸಿ ಮುಗಿದ ವರ್ಷ ಅವನು ಈ ಗಾಡಿಯನ್ನು ಮದರಾಸಿನಿಂದ ತಂದಿದ್ದ. ಮಾರಿದವರು "ಒಂದೇ ಕೈಯಲ್ಲಿ ಓಡಿದ ಗಾಡಿ" ಎಂದಿದ್ದರು. ಆ ಒಂದು ಕೈ ಮೀನುಗಾರನದು ಎಂದು ಮಾತ್ರ ಹೇಳಿರಲಿಲ್ಲ. ಅದನ್ನು ಹೇಳಿದವು ಊರಿನ ಬೆಕ್ಕುಗಳು. ಗಾಡಿ ಬಂದು ನಿಂತ ರಾತ್ರಿಯೇ ಕೆಲಮಂಗಲದ ಸಕಲ ಮಾರ್ಜಾಲ ಸಂತತಿ ಅದರ ಕೆಳಗೆ ಮಹಾಸಭೆ ನಡೆಸಿತ್ತು. ವರ್ಷಗಟ್ಟಲೆ ಮಂಜುಗಡ್ಡೆ, ಮೀನು, ಕಡಲ ನೀರು ಹೊತ್ತ ಗಾಡಿ ಅದು. ಇಡೀ ಗಾಡಿಗೆ ಬೆನ್ನೆಲುಬಿನಂತಿರುವ ಎರಡು ಉದ್ದನೆಯ ಕಬ್ಬಿಣದ ತೊಲೆಗಳು, ಚಾಸಿ ಅನ್ನುತ್ತಾರಲ್ಲ, ಅವು ಒಳಗೆ ಟೊಳ್ಳು. ಉಪ್ಪು ತಿಂದವನು ನೀರು ಕುಡಿಯಬೇಕು ಎಂಬುದು ಗಾದೆ. ಈ ಚಾಸಿ ಉಪ್ಪನ್ನೂ ನೀರನ್ನೂ ಒಟ್ಟಿಗೇ ಕುಡಿದು ಒಳಗೊಳಗೇ ಹಪ್ಪಳವಾಗಿತ್ತು.

ಇನ್ನು ಮುನಿವೆಂಕಟಮ್ಮ ಹೇಳಿದ ಅತ್ತಿಗಮ್ಮ ಎಂದರೆ ಸೊಣ್ಣಪ್ಪನ ಅಕ್ಕ, ಅಕ್ಕಯಮ್ಮ. ತಾಯಿ ಸತ್ತಾಗ ಸೊಣ್ಣಪ್ಪ ಇನ್ನೂ ಮೊಲೆಹಾಲು ಬಿಡದ ಕೂಸು. ಹುಡುಗಿ ಅಕ್ಕಯಮ್ಮನೇ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದಳು. ಅಂಚೆಟ್ಟಿಯಾಚೆಯ ಬೆಟ್ಟದ ಹಳ್ಳಿಗೆ ಮದುವೆಯಾಗಿ ಹೋದಾಗಲೂ ಬಿಟ್ಟುಹೋಗಲಿಲ್ಲ. ಸೀರೆಯ ಗಂಟಿನ ಜೊತೆ ತಮ್ಮನನ್ನೂ ಕರೆದುಕೊಂಡೇ ಹೋದಳು. ಅಂಥ ಅಕ್ಕ ಸೊಣ್ಣಪ್ಪ ಕಟ್ಟಿದ ಮನೆಯನ್ನೇ ನೋಡಿರಲಿಲ್ಲ. ಗೃಹಪ್ರವೇಶದ ವಾರದಲ್ಲೇ ಅವಳ ಗಂಡ ತೀರಿಕೊಂಡಿದ್ದ. ಈಗ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಮೈದುನನ ಮನೆಯಲ್ಲಿ ಮಲಗಿದ್ದಳು. ಕೂರಲಾಗದವಳನ್ನು ಬಸ್ಸಿನಲ್ಲಿ ತರುವುದು ಹೇಗೆ? ಅವಳೇ ಹೇಳಿಕಳಿಸಿದ್ದಳು: "ಸೊಣ್ಣಂಗೆ ಗಾಡಿ ಐತಲ್ಲ, ಅದ್ರಾಗೆ ಹಾಕ್ಕೊಂಡು ಹೋಗಾಕೇಳು. ಅವನ ಮನೆ ಒಂದ್ಸಲ ಕಣ್ತುಂಬ ನೋಡ್ಬೇಕು. ಕಣ್ಣೂ ಮಬ್ಬಾಯ್ತಾ ಬಂದೈತೆ, ಬಿರ್ರನೆ ಬರಾಕೇಳು."

ಸೊಣ್ಣಪ್ಪ ಬಾಯಿಂದ ತುಕ್ಕು ಉಗಿದು ಹೊರಗೆ ಬಂದ.

"ನಮ್ಮಕ್ಕನ್ನ ತುಕ್ಕು ಹಿಡಿದಿರೋ ಗಾಡಿಯಾಗೆ ತರಾಕಾಯ್ತದಾ? ಎಂಟು ದಿನ ಕೊಡು. ಆಮೇಲೆ ಉತ್ಸವಮೂರ್ತಿ ಬಂದಂಗೆ ಕರ್ಕೊಂಡ್ ಬತ್ತೀನಿ!"

"ಟೊಮ್ಯಾಟೊಗೆ ಆಯ್ತದೆ, ಅತ್ತಿಗಮ್ಮಂಗೆ ಆಗಾಕಿಲ್ವಾ?"

"ಟೊಮ್ಯಾಟೊ ಬಿದ್ರೆ ಗೊಜ್ಜು ಮಾಡ್ಕೋಬೋದು ಕಣೇ. ಅಕ್ಕ ಬಿದ್ರೆ?"

"ಹಂಗಾದ್ರೆ ಡೆಂಕಣಿಕೋಟೇಲಿ ಒಂದು ಬಾಡಿಗೆ ಕಾರು ಮಾಡ್ಕೊಂಡು ಹೋಗು."

"ಸ್ವಂತ ಗಾಡಿ ಇಟ್ಕೊಂಡು ಬಾಡಿಗೆ ಕಾರಾ? ಊರು ನಗಾಕಿಲ್ವಾ?"

ಊರು ನಗಲು ಬೇರೆ ಕಾರಣಗಳನ್ನು ಒದಗಿಸುವ ಕೆಲಸ ಅಂದೇ ಶುರುವಾಯಿತು.

ಮೊದಲು ತಂತಿಬ್ರಷ್ಷು, ಉಪ್ಪುಕಾಗದ ಬಂದವು. "ಉಪ್ಪಿಂದ ಹಾಳಾಗಿರೋದ್ಕೆ ಉಪ್ಪುಕಾಗ್ದಾನೇ ಮದ್ದಾ?" ಎಂದು ಮುನಿವೆಂಕಟಮ್ಮ ಕೇಳಿದಳು. ಸೊಣ್ಣಪ್ಪ ಮುಖಕ್ಕೆ ಟವೆಲು ಸುತ್ತಿಕೊಂಡು ಗಾಡಿಯಡಿ ಮಲಗಿ ಗರಗರ ಉಜ್ಜಿದ. ಒಂದು ಪದರ ಉದುರಿತು. ಅದರಡಿ ಇನ್ನೊಂದು. ಒಳ್ಳೆಯ ಕಬ್ಬಿಣ ಸಿಗುವವರೆಗೆ ಉಜ್ಜಬೇಕೆಂದು ಯಾರೋ ಹೇಳಿದ್ದರು. ಉಜ್ಜುತ್ತ ಉಜ್ಜುತ್ತ ಒಂದು ಜಾಗದಲ್ಲಿ ಬ್ರಷ್ಷು ಕೈಸಮೇತ ಒಳಕ್ಕೆ ಹೋಗಿಬಿಟ್ಟಿತು! ಕೈ ಹೊರಗೆ ಬಂತು, ಬ್ರಷ್ಷು ಬರಲಿಲ್ಲ. ಅಲ್ಲಿಗೆ ಉಜ್ಜುವುದನ್ನು ನಿಲ್ಲಿಸಿದ. ಇನ್ನೂ ಉಜ್ಜಿದರೆ ತುಕ್ಕು ಹೋಗುವುದು ಖಂಡಿತ, ಆದರೆ ಗಾಡಿಯೂ ಅದರ ಜೊತೆಗೇ ಹೋಗುತ್ತಿತ್ತು.

ಈ ಹೊತ್ತಿನಲ್ಲಿ ಪಕ್ಕದ ಮನೆಯ ಚಿನ್ನಸ್ವಾಮಿ ಬಂದ, ಅರ್ಧ ಕನ್ನಡ ಅರ್ಧ ತಮಿಳು ಮಾತಿನವನು. ಹೊಸೂರಿನ ಹೊಸ ಫ್ಯಾಕ್ಟರಿಯೊಂದರಲ್ಲಿ ಅವನಿಗೆ ಕೆಲಸ. ಫ್ಯಾಕ್ಟರಿ ಎಂದಮೇಲೆ ಕಬ್ಬಿಣದ ಮಹಾಪಂಡಿತನೇ ಇರಬೇಕೆಂದು ಸೊಣ್ಣಪ್ಪನ ನಂಬಿಕೆ. ಅಲ್ಲಿ ಅವನಿಗಿದ್ದದ್ದು ಕ್ಯಾಂಟೀನಿನಲ್ಲಿ ಸಾಂಬಾರು ಬಡಿಸುವ ಕೆಲಸ ಎಂಬುದನ್ನು ಅವನು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ.

"ಸುಟ್ಟ ಆಯಿಲ್ ಬಳಿದುಬಿಡಿ ಅಣ್ಣಾ. ಕಬ್ಬಿಣಕ್ಕೂ ಎಣ್ಣೆಸ್ನಾನ ಬೇಕಲ್ವಾ? ಆಮೇಲೆ ತೂತಿಗೆಲ್ಲಾ ವೆಲ್ಡಿಂಗು. ಅವ್ವಳವುದಾನ್, ಅಷ್ಟೇ!"

ಸೊಣ್ಣಪ್ಪ ಅಷ್ಟೇ ಮಾಡಿದ, ಅದೇ ಕ್ರಮದಲ್ಲಿ ಮಾಡಿದ. ಚಾಸಿಗೆ ಕೊಡಗಟ್ಟಲೆ ಸುಟ್ಟ ಆಯಿಲ್ ಕುಡಿಸಿ, ಆಮೇಲೆ ಗ್ಯಾಸ್ ವೆಲ್ಡಿಂಗಿನವನನ್ನು ಮನೆಗೇ ಕರೆಸಿದ. ಅವನು ತಳ್ಳುಗಾಡಿಯಲ್ಲಿ ಸಿಲಿಂಡರು ತಂದು, ಕಪ್ಪು ಕನ್ನಡಕ ಹಾಕಿಕೊಂಡು ಜ್ವಾಲೆ ಹಿಡಿದದ್ದೇ ತಡ, ಗಾಡಿಯ ತಳ ಭಗ್ಗೆಂದಿತು! ವೆಲ್ಡಿಂಗಿನವನು ಮೊದಲು ಸಿಲಿಂಡರನ್ನೂ ಆಮೇಲೆ ತನ್ನನ್ನೂ ಕಾಪಾಡಿಕೊಂಡು ಓಡಿದ. ಮತ್ತೆ ಆ ಬೀದಿಗೆ ಅವನು ಕಾಲಿಡಲಿಲ್ಲ. ಚಿನ್ನಸ್ವಾಮಿ "ತಣ್ಣಿ! ತಣ್ಣಿ!" ಎಂದು ಕೂಗುತ್ತ ನೀರಿಲ್ಲದ ಕಡೆಗೆ ಓಡಿದ. ಮುನಿವೆಂಕಟಮ್ಮ ಮಾತ್ರ ಓಡಲಿಲ್ಲ. ಎಮ್ಮೆಗೆಂದು ಇಟ್ಟಿದ್ದ ಕಲಗಚ್ಚಿನ ಬಾನಿಯನ್ನು ಎತ್ತಿ ಗಾಡಿಯಡಿಗೆ ಸುರಿದಳು. ಹುಳಿ, ಉಪ್ಪು, ಅನ್ನದ ಗಂಜಿ, ಮುದ್ದೆಯ ತೊಳೆನೀರು ಎಲ್ಲ ಸೇರಿ ತೂತುಗಳ ಮೂಲಕ ಚಾಸಿಯ ಹೊಟ್ಟೆಗಿಳಿದವು. ಬೆಂಕಿ ಆರಿತು. ಎಮ್ಮೆ ಅಂದು ಸಂಜೆ ಹಾಲು ಕೊಡಲಿಲ್ಲ.

"ಕಬ್ಬಿಣಕ್ಕೆ ಎಣ್ಣೆಸ್ನಾನಾನೂ ಆಯ್ತು, ಊಟಾನೂ ಆಯ್ತು. ಎಲೆಅಡಿಕೆ ಒಂದು ಬಾಕಿ" ಎಂದಳು ಮುನಿವೆಂಕಟಮ್ಮ.

ಚಿನ್ನಸ್ವಾಮಿ ಸೋಲೊಪ್ಪಲಿಲ್ಲ. "ನೀರು ಒಳಗೆ ಹೋಗೋದಕ್ಕೆ ವಳಿ, ದಾರಿ ಇದ್ರೆ ತಾನೇ ತುಕ್ಕು? ಎಲ್ಲಾ ತೂತೂ ಮುಚ್ಚಿಬಿಡಿ ಅಣ್ಣಾ. ಇದಕ್ಕೆ ಪ್ರಿವೆಂಟಿವ್ ಅಂತಾರೆ, ಗೊತ್ತಾ, ತೆರಿಯುಮಾ?"

ಆ ಇಂಗ್ಲಿಷ್ ಪದದ ಭಾರಕ್ಕೇ ಸೊಣ್ಣಪ್ಪ ತಲೆಬಾಗಿದ. ಎಣ್ಣೆಡಬ್ಬದ ತಗಡು ಕತ್ತರಿಸಿ, ಗೋಣಿತಾಟು ಸುತ್ತಿ, ಮೇಲೆ ಬಿಸಿ ಡಾಂಬರು ಮೆತ್ತಿ ಒಂದೊಂದೇ ತೂತನ್ನು ಮುಚ್ಚಿದ. ಒಳಗೆ ಹೋದ ನೀರು ಇಳಿದುಹೋಗಲೆಂದು ಗಾಡಿ ಮಾಡಿದವರೇ ತಳದಲ್ಲಿ ಬಿಟ್ಟಿದ್ದ ಸಣ್ಣ ತೂತುಗಳನ್ನೂ ಬಿಡಲಿಲ್ಲ. ಮೇಲೆ ರೆಡ್ ಆಕ್ಸೈಡ್ ಬಳಿದ. ಒಣಗಿದ ಮೇಲೆ ಇನ್ನೊಂದು ಕೋಟು, ಅದರ ಮೇಲೆ ಮತ್ತೊಂದು. ಗಾಡಿ ಮದುವಣಗಿತ್ತಿಯಂತೆ ಕೆಂಪಾಯಿತು. ಓಡಿಸಿದರೆ ಮಾತ್ರ ತಿರುವಿನಲ್ಲಿ ಎಲ್ಲೋ ಕುಳುಕುಳು ಎಂಬ ಸದ್ದು. "ಪೆಟ್ರೋಲು" ಎಂದ ಚಿನ್ನಸ್ವಾಮಿ. ವಾಸನೆ ಪೆಟ್ರೋಲಿನದಾಗಿರಲಿಲ್ಲ.

ಅವನು ಕೇಳಿದ್ದ ಎಂಟು ದಿನ ಹೀಗೆ ಎಳೆದಾಡಿಕೊಂಡು ಸಂಕ್ರಾಂತಿ ದಾಟಿತು. ಅಂಚೆಟ್ಟಿ ಕಡೆಯಿಂದ ಸಂತೆಗೆ ಬಂದವರು ಸಿಕ್ಕಾಗಲೆಲ್ಲ "ನಿಮ್ಮಕ್ಕ ಕೇಳ್ತಾ ಇದ್ರು" ಎನ್ನುತ್ತಿದ್ದರು. "ಇನ್ನೊಂದು ಕೋಟು ಬಾಕಿ ಐತೆ ಅನ್ನಿ" ಎಂದು ಸೊಣ್ಣಪ್ಪ ಹೇಳಿಕಳಿಸುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಕೇಳುವುದೂ ನಿಂತಿತು. ಅವನಿಗೆ ಸ್ವಲ್ಪ ನಿರಾಳವೇ ಆಯಿತು. ಮುನಿವೆಂಕಟಮ್ಮನಿಗೆ ಆಗಲಿಲ್ಲ.

"ಕೇಳೋರು ಕೇಳೋದು ನಿಲ್ಸಿದ್ರೆ ಒಳ್ಳೇದಲ್ಲ ಕಣಯ್ಯಾ" ಎಂದಳು.

ಯುಗಾದಿಯಾದ ಮೇಲೆ ಇಬ್ಬರೂ ಹೊರಟರು. ಹಿಂದೆ ಎರಡು ಹಾಸಿಗೆ, ನಾಲ್ಕು ದಿಂಬು, ಬಿಸಿಲಿಗೆ ಚಪ್ಪರ. ಮುಂದೆ ಮಾವಿನೆಲೆಯ ತೋರಣ. ಅಕ್ಕನ ಹಳ್ಳಿಗೆ ಹೋಗಿ ಗಾಡಿ ನಿಲ್ಲಿಸಿ ಸೊಣ್ಣಪ್ಪ ಮೂರು ಸಲ ಹಾರನ್ನು ಹೊಡೆದ.

ಪಡಸಾಲೆಯ ಮೂಲೆಯಲ್ಲಿ ಅಕ್ಕಯಮ್ಮ ಒಂದು ಹಿಡಿಯಾಗಿ ಮಲಗಿದ್ದಳು.

"ಯಾರು?"

"ನಾನಕ್ಕಾ, ಸೊಣ್ಣ. ಬಂದ್ಬುಟ್ಟೆ! ನೋಡು, ಗಾಡಿ ನೋಡು, ಹೆಂಗೈತೆ! ಬಾಗಿಲಿಂದಾನೇ ಕಾಣ್ತದೆ."

ಅಕ್ಕಯಮ್ಮ ಬಾಗಿಲಿನ ಕಡೆ ತಿರುಗಲಿಲ್ಲ. ಗೋಡೆಯ ಕಡೆ ತಿರುಗಿ, "ಚೆಂದಾಗೈತೆ ಕಣ್ಲಾ" ಎಂದಳು. ಆಮೇಲೆ ಕೈ ಚಾಚಿ ಗಾಳಿಯಲ್ಲಿ ತಡವರಿಸಿದಳು. ಸೊಣ್ಣಪ್ಪ ಮುಖವನ್ನು ಆ ಕೈಗೆ ತಂದುಕೊಟ್ಟ. ಅವಳ ಬೆರಳುಗಳು ಅವನ ಹಣೆ, ಮೂಗು, ಗಡ್ಡವನ್ನು ಮುಟ್ಟಿ ನೋಡಿದವು.

"ಸಂಕ್ರಾಂತಿಗಂಟ ಒಸಿ ಕಾಣ್ತಿತ್ತು" ಎಂದಳು. ಅಷ್ಟೇ. ಬಯ್ಯಲಿಲ್ಲ. ಬೈದಿದ್ದರೆ ಸೊಣ್ಣಪ್ಪ ಏನಾದರೂ ವಾದ ಹೂಡುತ್ತಿದ್ದ. ಈಗ ತೋರಣ ಕಟ್ಟಿದ ಗಾಡಿಯನ್ನು ತಾನೇ ನೋಡಲಾರದೆ ತಲೆತಗ್ಗಿಸಿ ನಿಂತ.

ವಾಪಸು ಬರುತ್ತ ಅಂಚೆಟ್ಟಿ ದಾಟಿ ಘಟ್ಟ ಹತ್ತುವಾಗ ಸೊಣ್ಣಪ್ಪ ಗಾಡಿಯನ್ನು ಬಸುರಿಯನ್ನು ನಡೆಸುವಂತೆ ನಡೆಸುತ್ತಿದ್ದ. ಹಿಂದೆ ಮುನಿವೆಂಕಟಮ್ಮ ಅತ್ತಿಗೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಒಂದು ತಿರುವು. ಒಂದು ಸಣ್ಣ ಹಳ್ಳ. ಕುಳುಕುಳು ಎಂದಿತು. ಮರುಕ್ಷಣವೇ ಕಟಾರ್!

ಗಾಡಿಯ ಮೂತಿ ಆಕಾಶ ನೋಡಿತು. ಹಿಂಭಾಗ ನೆಲಕ್ಕೆ ಕುಕ್ಕರಿಸಿತು. ಡ್ರೈವರ್ ಸೀಟಿನ ಹಿಂದೆ ಚಾಸಿ ಎರಡು ತುಂಡಾಗಿ, ನಡು ಮುರಿದ ಎಮ್ಮೆಯಂತೆ ಗಾಡಿ ರಸ್ತೆಯ ಮಧ್ಯೆ ಕೂತುಬಿಟ್ಟಿತು. ಸೊಣ್ಣಪ್ಪ ಸೀಟಿನಿಂದ ಹಾರಿ ಹಿಂದೆ ಓಡಿದ. ಇಬ್ಬರಿಗೂ ಏನೂ ಆಗಿರಲಿಲ್ಲ. ಮುರಿದ ಜಾಗದಿಂದ ಕಂದುಬಣ್ಣದ ನೀರು ಧಾರೆಯಾಗಿ ಸುರಿಯುತ್ತಿತ್ತು, ತಿಂಗಳುಗಟ್ಟಲೆ ಕೊಳೆತ ಕಲಗಚ್ಚು! ಹೊರಗಿನ ಕೆಂಪು ಬಣ್ಣಕ್ಕೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಕಬ್ಬಿಣ ಕರಗಿಹೋಗಿ ಬರೀ ಬಣ್ಣವೇ ಗಾಡಿಯನ್ನು ಹೊತ್ತು ಇಷ್ಟು ದೂರ ತಂದಿತ್ತು.

ರಸ್ತೆಬದಿಯ ಮರಗಳಲ್ಲಿ ಹುಣಸೆಹಣ್ಣು ಉದುರಿಸುತ್ತಿದ್ದ ನಾಲ್ಕು ಜನ ಓಡಿಬಂದರು. ಬಸ್ಸು ಸಂಜೆಗೆ. ಬಂದರೂ ಅದರಲ್ಲಿ ಮಲಗಿಸುವಂತಿಲ್ಲ. ಮುಂದಿನ ಹಳ್ಳಿಯಲ್ಲಿ ಎತ್ತಿನ ಗಾಡಿ ಸಿಗುತ್ತದೆ ಎಂದರು ಅವರು. ತಮ್ಮ ಹುಣಸೆ ಬಡಿಯುವ ಗಳುಗಳಿಗೆ ಕಂಬಳಿ ಕಟ್ಟಿ, ಅಕ್ಕಯಮ್ಮನನ್ನು ಮಲಗಿಸಿ ಹೆಗಲಿಗೇರಿಸಿದರು. ದಾರಿಯಲ್ಲಿ ಅಕ್ಕನಿಗೆ ಕುಡಿಸಲು ಅವರದೇ ನೀರಿನ ಮಡಕೆ ಹಿಡಿದು ಸೊಣ್ಣಪ್ಪ ಮುಂದೆ ಮುಂದೆ ನಡೆದ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಮುನಿವೆಂಕಟಮ್ಮ ಹಿಂದೆ.

ಮಡಕೆ ಮುಂದೆ, ನಾಲ್ಕು ಹೆಗಲು ನಡುವೆ, ಅಳುವವಳು ಹಿಂದೆ. ಎದುರಿಗೆ ಬಂದವರೆಲ್ಲ ಸರಿದು ನಿಂತು ತಲೆಯ ಮೇಲಿನ ಟವೆಲು ತೆಗೆದರು. ಸೌದೆ ಹೊತ್ತ ಹೆಂಗಸೊಬ್ಬಳು ಸೊಣ್ಣಪ್ಪನನ್ನು ಮೆಲ್ಲಗೆ ಕೇಳಿದಳು:

"ಯಾವಾಗ ಹೋದ್ರಪ್ಪಾ?"

ಕಂಬಳಿಯೊಳಗಿಂದ ಉತ್ತರ ಬಂತು. "ಇನ್ನೂ ಹೋಗಿಲ್ಲ ತಾಯಿ. ಈಗ ಹೊಂಟಿವ್ನಿ, ಕೆಲಮಂಗಲಕ್ಕೆ."

ಹೆಂಗಸು ಸೌದೆ ಬಿಟ್ಟು ಓಡಿದಳು. ಹೊತ್ತವರು ನಗು ತಡೆಯಲಾರದೆ ಗಳು ಅಲ್ಲಾಡಿಸಿದರು. ಅಕ್ಕಯಮ್ಮ ಮತ್ತೆ ಹೇಳಿದಳು:

"ಲೇ ಸೊಣ್ಣಾ, ನಾಲ್ಕು ಜನ ಹೊರೋದು ಸತ್ತ ಮ್ಯಾಲೆ ಅಂದ್ಕೊಂಡಿದ್ದೆ ಕಣ್ಲಾ. ಜೀವ ಇರುವಾಗ್ಲೇ ಹೊರಿಸ್ಬುಟ್ಟೆ. ಒಂದ್ ಕೆಲ್ಸ ಮುಗೀತು ಬುಡು."

ಎಲ್ಲರೂ ನಕ್ಕರು. ಸೊಣ್ಣಪ್ಪನೂ ನಗಲು ಹೋದ. ಬಂದದ್ದು ನಗುವಲ್ಲ. ಮಡಕೆಯ ನೀರು ಎದೆಯ ಮೇಲೆಲ್ಲ ತುಳುಕಿತು. ಅದರಲ್ಲಿ ಕಣ್ಣೀರು ಎಷ್ಟು ಎಂದು ಯಾರಿಗೂ ತಿಳಿಯಲಿಲ್ಲ.

ಎತ್ತಿನ ಗಾಡಿಯಲ್ಲಿ ಡೆಂಕಣಿಕೋಟೆ ತಲುಪಿದರು. ಅಲ್ಲಿ ಮುನಿವೆಂಕಟಮ್ಮ ತಾನೇ ಹೋಗಿ ಬಾಡಿಗೆ ಕಾರು ಗೊತ್ತುಮಾಡಿಕೊಂಡು ಬಂದಳು.

ಹೊತ್ತು ಮುಳುಗುವ ಮುಂಚೆ ಮನೆ ಸೇರಿದರು. ಸೊಣ್ಣಪ್ಪ ಅಕ್ಕನನ್ನು ಮಗುವಿನಂತೆ ಎರಡು ತೋಳಲ್ಲಿ ಎತ್ತಿಕೊಂಡ. ಅವಳಲ್ಲಿ ತೂಕವೇ ಇರಲಿಲ್ಲ. ಬಾಗಿಲ ಮುಂದೆ ನಿಂತು ಹೇಳತೊಡಗಿದ. "ಇಲ್ಲಿ ಜಗಲಿ ಅಕ್ಕಾ. ಅಗೋ, ಆ ಕಡೆ ಕಿಟಕಿ. ಒಳಗೆ ಟ್ಯೂಬ್‌ಲೈಟು..." ಅಕ್ಕಯಮ್ಮ ಕೈ ಚಾಚಿ ಗೋಡೆಯನ್ನು ಸವರಿದಳು. ನಿಧಾನವಾಗಿ, ಮೇಲಿನಿಂದ ಕೆಳಗೆ.

"ನುಣ್ಣಗೈತೆ. ಏನು ಬಣ್ಣ?"

"ತಿಳಿನೀಲಿ ಅಕ್ಕಾ."

ಅವಳ ಕೈ ಗೋಡೆಯ ಮೇಲೆ ಹಾಗೇ ನಿಂತಿತು.

"ನೀನೇ ಬಳಿದ್ಯೇನ್ಲಾ?"

"ಇಲ್ಲಕ್ಕಾ. ಕೂಲಿಯೋರು."

"ಹಂಗಾದ್ರೆ ಒಳಕ್ಕೆ ನಡಿ" ಎಂದಳು ಅಕ್ಕಯಮ್ಮ. "ಮನೆ ಬೀಳಾಕಿಲ್ಲ."