ವಿಸ್ತಿನನ ಹೆಗಲು, ಸೈತಾನನ ಗಡಿಯಾರ

"ಗಡಿಯಾರ ಕಟ್ಟಿಕೊಂಡು ರಜೆಗೆ ಹೋಗುವವನು ಮನುಷ್ಯನಲ್ಲ, ಎತ್ತು! ಗಾಣದ ಎತ್ತು!" ಎಂದು ಘೋಷಿಸಿದ ವಿಸ್ತಿನ್, ಕೈಗಡಿಯಾರ ಬಿಚ್ಚಿ, ಮನೆಯಲ್ಲೇ ಬಿಟ್ಟುಹೋಗುವ ರೊಟ್ಟಿಯ ಡಬ್ಬಿಯೊಳಗೆ ಹಾಕಿದ. ಅದರ ಹಿಂದೆ ತನ್ನ ಫೋನು ಹಾಕಿದ. ಅದರ ಹಿಂದೆ, ನ್ಯಾಯ ಎಲ್ಲರಿಗೂ ಒಂದೇ ಇರಬೇಕೆಂಬ ತತ್ವದ ಮೇಲೆ, ಹೆಂಡತಿ ಡೊಲೋರಳ ಫೋನನ್ನೂ ಹಾಕಿ ಮುಚ್ಚಳ ಬಡಿದ.

"ರೀ, ನಂದ್ಯಾಕೆ?"

"ನಿಧಾನ ಪ್ರವಾಸ ಕಣೇ! ಮದುವೆಯಾದಾಗಿಂದ ಪ್ರಾಣ ತಿಂದವಳು ನೀನೇ ತಾನೆ? ಗೋಜೋ ನೋಡ್ಬೇಕು, ನಿಧಾನವಾಗಿ ನೋಡ್ಬೇಕು, ಕುರಿ ಅಟ್ಟಿದ ಹಾಗೆ ಅಟ್ಬೇಡಿ ಅಂತ? ತಗೋ, ನಿಧಾನ ಅಂದ್ರೆ ಏನು ಅಂತ ತೋರಿಸ್ತೀನಿ!"

"ನಾಳೆ ಸಂಜೆ ಊರಹಬ್ಬ ಇದೆ. ಹೊತ್ತು ಗೊತ್ತಾಗೋದು ಹೇಗೆ?"

"ಹೊತ್ತು? ಯಾರನ್ನ ಕೇಳ್ತಿದೀಯ, ಗೊತ್ತಾ?"

ಹಾಗೆ ಕೇಳಿದ್ದು ಡೊಲೋರಳದೇ ತಪ್ಪು. ಹಲ್ ವರ್ದಾ ಊರಿನ ಇಗರ್ಜಿಯ ಗಡಿಯಾರಗಳಿಗೆ ಕೀಲಿ ಕೊಡುವವನು ಸಾಕ್ಷಾತ್ ಈ ವಿಸ್ತಿನನೇ. ಮಾಲ್ಟಾದ ಇಗರ್ಜಿಯೆಂದ ಮೇಲೆ ಎರಡು ಗೋಪುರ, ಎರಡು ಗಡಿಯಾರ. ಒಂದು ಸರಿಯಾದ ಹೊತ್ತು ತೋರಿಸುತ್ತದೆ, ಅದು ಜನಕ್ಕೆ. ಇನ್ನೊಂದು ಸುಳ್ಳು ಹೊತ್ತು ತೋರಿಸುತ್ತದೆ, ಅದು ಸೈತಾನನಿಗೆ! ಸಾಯುವವರ ಆತ್ಮ ಎಳೆದೊಯ್ಯಲು ಬರುವ ಆ ಮಹಾಶಯ ಸುಳ್ಳು ಗಡಿಯಾರ ನೋಡಿ, ಹೊತ್ತು ತಪ್ಪಿ ಬಂದು, ಬರಿಗೈಯಲ್ಲಿ ಮರಳಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು. ಹಲ್ ವರ್ದಾದಲ್ಲಿ ಬಲಗಡೆಯದು ಜನರದ್ದು, ಎಡಗಡೆಯದು ಅವನದ್ದು. ಎರಡಕ್ಕೂ ಕೀಲಿ ವಿಸ್ತಿನನದ್ದು. ಅಂದರೆ ದೇವರ ಕಡೆಯವರಿಗೂ ಸೈತಾನನ ಕಡೆಯವರಿಗೂ ಹೊತ್ತು ಹೇಳುವ ಭೂಮಂಡಲದ ಏಕಮಾತ್ರ ಮನುಷ್ಯ! ಅಂಥವನಿಗೆ ಕೈಗಡಿಯಾರವೇ? ಮೀನಿಗೆ ಕೊಡೆ ಹಿಡಿದಂತೆ!

ಆದರೆ ಈ ವರ್ಷದ ಹಬ್ಬವನ್ನು ಹಗುರಾಗಿ ತೆಗೆದುಕೊಳ್ಳುವಂತಿರಲಿಲ್ಲ. ಊರ ಸಂತ ಬಾಸ್ಟ್ಯನ್ನನ ವಿಗ್ರಹವನ್ನು ಹೆಗಲ ಮೇಲೆ ಹೊತ್ತು ಬೀದಿ ಸುತ್ತಿಸುವವರಲ್ಲಿ ಮುಂದಿನ ಬಲಮೂಲೆಯವನೇ ರಾಜ. ಉಪ್ಪರಿಗೆಗಳಿಂದ ಉದುರುವ ಬಣ್ಣದ ಕಾಗದ ಮೊದಲು ಬೀಳುವುದು ಅವನ ತಲೆಯ ಮೇಲೆ, ಆಮೇಲೆ ಸಂತನ ಮೇಲೆ. ಮುದುಕ ನಾತ್ಸು ಮಂಡಿ ಕೈಕೊಟ್ಟು ಬಿಟ್ಟುಕೊಟ್ಟ ಆ ಮೂಲೆ, ಯೌವನದಿಂದ ಕಾದು ಕಾದು ತಲೆ ಬೋಳಾದ ಮೇಲೆ ವಿಸ್ತಿನನಿಗೆ ಒಲಿದಿತ್ತು. ಒಂದೇ ಕಟ್ಟಳೆ: ಇಗರ್ಜಿಯ ಬಾಗಿಲು ತೆರೆಯುವಾಗ ಹೊರುವವನು ಅಲ್ಲಿರಬೇಕು. ಇಲ್ಲದಿದ್ದರೆ ಮೂಲೆ ಮುಂದಿನವನ ಪಾಲು. ಆ ಮುಂದಿನವನು ಎದುರುಮನೆಯ ಕಟುಕ ಗ್ರೆತ್ಸು! ಎರಡು ಮನೆಗಳಿಗೂ ಅಜ್ಜಂದಿರ ಕಾಲದಿಂದ ಮಾತು ಕಡಿಮೆ, ಕೆಮ್ಮು ಜಾಸ್ತಿ. ಆ ಗ್ರೆತ್ಸು ಒಂದು ತಿಂಗಳಿನಿಂದ ದಿನಾ ಬೆಳಿಗ್ಗೆ ಇಡೀ ಹಂದಿಯನ್ನು ಹೆಗಲಿಗೇರಿಸಿಕೊಂಡು ವಿಸ್ತಿನನ ಕಿಟಕಿಯ ಮುಂದೆ ಮೆರವಣಿಗೆಯ ನಡಿಗೆಯಲ್ಲಿ ಹೋಗಿಬರುತ್ತಿದ್ದ. "ಅಭ್ಯಾಸ ಇರಲಿ ಅಂತ," ಎನ್ನುತ್ತಿದ್ದ!

"ಅವನು ಆನೆಯನ್ನೇ ಹೊರಲಿ," ಎಂದ ವಿಸ್ತಿನ್. "ಹೊತ್ತಿಗೆ ಮುಂಚೆ ನಾನು ಅಲ್ಲಿರ್ತೀನಿ!"

ಹೀಗೆ ದಂಪತಿಗಳು ಹಡಗು ಹತ್ತಿ ಪಕ್ಕದ ದ್ವೀಪ ಗೋಜೋದಲ್ಲಿ ಇಳಿದರು. ಇಳಿದ ಕ್ಷಣದಿಂದಲೇ ವಿಸ್ತಿನನಿಗೆ ರೇಗಲು ಶುರುವಾಯಿತು.

ಬಸ್ಸು ಹೊರಟು ಹತ್ತು ಮಾರು ಹೋಗಿ ನಿಂತಿತು. ಯಾಕೆ? ಚಾಲಕನ ಚಿಕ್ಕಮ್ಮ ದಾರಿಯಲ್ಲಿ ನಿಂತಿದ್ದಳು! ಅವಳ ಸೊಂಟನೋವು, ಸೊಸೆಯ ನಡತೆ, ಮೊಲದ ಮಾಂಸದ ಬೆಲೆ ಎಲ್ಲದರ ವಿಚಾರಣೆ ಮುಗಿದು, ಒಂದು ಬುಟ್ಟಿ ಟೊಮೇಟೊ ಬಸ್ಸೇರಿ, ವಿಸ್ತಿನನ ತೊಡೆಯ ಮೇಲೆ ಕುಳಿತಿತು.

"ಏನ್ರೀ ಇದು ಅನ್ಯಾಯ! ಬಸ್ಸೋ, ಸಂತೆಗಾಡಿಯೋ?"

"ನಿಧಾನ ಪ್ರವಾಸ ಅಂದ್ರಲ್ಲ," ಎಂದಳು ಡೊಲೋರ್, ಬುಟ್ಟಿಯಿಂದ ಒಂದು ಹಣ್ಣು ಎತ್ತಿ ಒರೆಸಿಕೊಂಡು.

ಅವಳೋ, ಕಟ್ಟಿಟ್ಟ ನದಿ ಅಣೆಕಟ್ಟು ಒಡೆದಂತೆ ನೋಡತೊಡಗಿದಳು. ಪ್ರತಿ ಇಗರ್ಜಿ ನೋಡಿದಳು. ಪ್ರತಿ ಇಗರ್ಜಿಯ ಪ್ರತಿ ಮೇಣದಬತ್ತಿ ನೋಡಿದಳು. ಬೀದಿಯ ಬಾಗಿಲುಗಳ ಮೇಲೆ ತಟ್ಟಲೆಂದು ಇಟ್ಟ ಹಿತ್ತಾಳೆ ಬಡಿಗೆಗಳನ್ನು ಒಂದೊಂದಾಗಿ ಮುಟ್ಟಿ, "ಇದು ಡಾಲ್ಫಿನ್ನು, ಇದು ಸಿಂಹ, ನೋಡ್ರೀ ಮೂತಿ ನಿಮ್ಮ ಅಣ್ಣಂದೇ," ಎಂದಳು. ಒಂದು ಬಡಿಗೆ ನಿಜಕ್ಕೂ ಬಡಿದುಹೋಗಿ ಒಳಗಿನ ಯಜಮಾನಿ ಬಂದಳು. ಅವಳ ಮದುವೆಯ ಚಿತ್ರಗಳನ್ನೆಲ್ಲ ನೋಡಿ ಮುಗಿಸುವ ಹೊತ್ತಿಗೆ ವಿಸ್ತಿನನ ಗಡ್ಡ ಎರಡಂಗುಲ ಬೆಳೆದಿತ್ತು!

ಮರುದಿನ, ಹಬ್ಬದ ದಿನ, ಕಡಲಂಚಿನ ಉಪ್ಪಿನ ಮಡಿಗಳಿಗೆ ಹೋದರು. ಡೊಲೋರ್ ಮಡಿಯಿಂದ ಮಡಿಗೆ ಕೊಕ್ಕರೆಯಂತೆ ಹೆಜ್ಜೆಯಿಡುತ್ತ ಹೋದಳು. ವಿಸ್ತಿನ್ ಸಿಟ್ಟಿನಿಂದ ಒಂದು ಬಂಡೆಯ ಮೇಲೆ ಕುಕ್ಕರಿಸಿದ. ಕೂತದ್ದು ಬಂಡೆಯ ಮೇಲಲ್ಲ, ಆ ಬಣ್ಣದ್ದೇ ಉಪ್ಪುನೀರಿನ ಮಡಿಯಲ್ಲಿ! ಎದ್ದು, ಅಲ್ಲಿನ ಬಿಸಿಲಿಗೆ ಹಿಂಭಾಗ ಒಡ್ಡಿ ನಿಂತ. ಗೋಜೋದಲ್ಲಿ ಚುರುಕಾಗಿ ಕೆಲಸ ಮಾಡುವುದು ಸೂರ್ಯನೊಬ್ಬನೇ. ಷರಾಯಿ ನೋಡನೋಡುತ್ತ ಒಣಗಿ, ಬೆಳ್ಳಗಾಗಿ, ಹಲಗೆಯಾಯಿತು. ನಡೆದರೆ ಕರುಂ ಕರುಂ ಎಂದು ಹಪ್ಪಳ ಮುರಿದ ಸದ್ದು!

"ನಿಮ್ಮನ್ನ ಮಳೆಗಾಲಕ್ಕೆ ಎತ್ತಿಡಬಹುದು ಕಣ್ರೀ, ಕೆಡಲ್ಲ," ಎಂದಳು ಹೆಂಡತಿ.

ಉತ್ತರ ಕೊಡಲು ವಿಸ್ತಿನ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಏನೋ ಒದ್ದೆ ಒದ್ದೆಯಾಗಿ, ಒರಟೊರಟಾಗಿ ಸವರಿತು. ಮೇಕೆ! ಉಪ್ಪಿನ ರುಚಿ ಹತ್ತಿದ ಆ ಮೇಕೆ ತನ್ನ ಬಳಗವನ್ನೆಲ್ಲ ಕರೆಯಿತು. ಮುಂದೆ ಹಲ್ ವರ್ದಾದ ಗಡಿಯಾರದ ಯಜಮಾನ, ಹಿಂದೆ ಮಂದೆ! ಕರುಂ ಕರುಂ, ಮ್ಯಾ ಮ್ಯಾ ಎಂದು ಗುಡ್ಡ ಹತ್ತಿದ ಆ ಮೆರವಣಿಗೆಯಲ್ಲಿ ಇಲ್ಲದ್ದು ಬ್ಯಾಂಡು ಒಂದೇ.

"ಇವಕ್ಕೆ ಯಜಮಾನ ಇಲ್ವಾ? ಕಾನೂನು ಇಲ್ವಾ? ಏನಿದು, ದೇಶವಾ?"

ಗುಡ್ಡದ ಮೇಲಿನ ಹಳ್ಳಿಯ ಚೌಕಕ್ಕೆ ಬಂದು, ಇಗರ್ಜಿಯ ಮೆಟ್ಟಿಲೇರಿ, ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆಯೇ ಮೇಕೆಗಳು ನಿರಾಶೆಯಿಂದ ಹಿಂತಿರುಗಿದವು. ಊಟವಾಗಿ ಮಲಗಿದ ಊರು ಇನ್ನೂ ಎದ್ದಿರಲಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು. ಚೌಕದಲ್ಲಿದ್ದ ಏಕೈಕ ಜೀವವೆಂದರೆ ಒಂದು ಬಾಗಿಲಲ್ಲಿ ಕಸೂತಿ ದಾರ ಹೆಣೆಯುವ ದಿಂಬು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದ ಒಬ್ಬ ಮುದುಕಿ.

"ಹಡಗಿಗೆ ಹೊತ್ತಾಯ್ತೇನೋ," ಎಂದಳು ಡೊಲೋರ್.

ವಿಸ್ತಿನ್ ಎದ್ದು, ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆಯೆತ್ತಿದ. ಎರಡು ಗೋಪುರ, ಎರಡು ಗಡಿಯಾರ. ಎಡಗಡೆಯದು ನಾಲ್ಕೂವರೆ ಎನ್ನುತ್ತಿತ್ತು. ಬಲಗಡೆಯದು ಎರಡೂವರೆ.

"ಎರಡೂವರೆ! ನಾಲ್ಕಕ್ಕೆ ಹಡಗಿಗೆ ಹೊರಟರೂ ಸಾಕು, ಬೇಕಾದಷ್ಟು ಹೊತ್ತಿದೆ. ಕೂತ್ಕೋ."

"ಅದು ನಾಲ್ಕೂವರೆ ಅಂತಿದೆಯಲ್ಲ?"

"ಅದು ಅವನದ್ದು ಕಣೇ! ಬಲ ಅಂದ್ರೆ ಸತ್ಯ, ಎಡ ಅಂದ್ರೆ ಸುಳ್ಳು. ಬಲಗೈಲಿ ಶಿಲುಬೆ ಗುರುತು ಹಾಕ್ಕೋತೀವೋ, ಎಡಗೈಲೋ?"

"ಆ ಅಜ್ಜಿನ ಒಂದು ಮಾತು ಕೇಳಿ ನೋಡ್ರೀ."

"ನಾನು? ಕೇಳೋದು? ಗಡಿಯಾರದ ವಿಚಾರ?" ವಿಸ್ತಿನನ ಸ್ವರ ಗೋಪುರಕ್ಕೇರಿತು. "ಪೋಪರು ಹೋಗಿ ಜಪಸರ ಯಾವ ಕಡೆಯಿಂದ ಎಣಿಸೋದು ಅಂತ ಕೇಳ್ತಾರಾ?"

"ನೆರಳು ಉದ್ದ ಆಗಿದೆಯಲ್ರೀ."

"ಇದು ಗುಡ್ಡದ ಊರು. ಇಲ್ಲಿ ನೆರಳು ಹುಟ್ಟೋದೇ ಉದ್ದವಾಗಿ!"

ಹೀಗೆ ಭೂಗೋಳದ ಬಾಯನ್ನೂ ಮುಚ್ಚಿಸಿ ವಿಸ್ತಿನ್ ಬುತ್ತಿ ಬಿಚ್ಚಿದ. ಆಲಿವ್ ಎಣ್ಣೆ ಹಚ್ಚಿದ ರೊಟ್ಟಿ, ಆಡಿನ ಹಾಲಿನ ಗಿಣ್ಣು, ಉಪ್ಪು ಹಾಕಿದ ಕೇಪರ್ ಗಿಡದ ಮೊಗ್ಗು. ಗಿಣ್ಣು ತಿನ್ನುವಾಗ ಮೇಕೆಗಳ ಮೇಲೆ ಸೇಡು ತೀರಿಸಿಕೊಂಡ ತೃಪ್ತಿ ಅವನ ಮುಖದಲ್ಲಿತ್ತು. ಜೀವಮಾನದಲ್ಲಿ ಮೊದಲ ಸಲ ನಿಧಾನವಾಗಿ ತಿಂದ. ಆಮೇಲೆ ಹೆಂಡತಿಯ ಹೆಗಲಿಗೊರಗಿ, ನಿಧಾನವಾಗಿಯೇ ನಿದ್ದೆಹೋದ. ಕನಸಿನಲ್ಲಿ ಸಂತ ಬಾಸ್ಟ್ಯನ್ ಬಗ್ಗಿ, "ವಿಸ್ತಿನ್, ನಿನ್ನ ಹೆಗಲು ಹಂಸತೂಲಿಕಾತಲ್ಪ ಕಣಯ್ಯಾ," ಎನ್ನುತ್ತಿದ್ದ.

ಢಣ್! ಢಣ್! ಮೇಲಿನ ಗಂಟೆ ಹೊಡೆಯತೊಡಗಿತು. ಒಂದು, ಎರಡು, ಮೂರು... ನಾಲ್ಕಕ್ಕೆ ನಿಲ್ಲಲಿಲ್ಲ. ಐದು ಹೊಡೆಯಿತು. ಆರೂ ಹೊಡೆಯಿತು. ಬಲಗಡೆಯ ಗಡಿಯಾರ ನಿರ್ವಿಕಾರವಾಗಿ ನಾಲ್ಕು ತೋರಿಸುತ್ತಿತ್ತು.

ವಿಸ್ತಿನ್ ಕೆಂಡವಾದ. "ಗಂಟೆಯೂ ಕೆಟ್ಟಿದೆ! ಈ ಊರಲ್ಲಿ ಗಂಟೆಗೂ ಎಣಿಸಕ್ಕೆ ಬರಲ್ಲ! ನಾನಾಗಿದ್ರೆ ಇವರ ಗಡಿಯಾರದವನನ್ನ ಅದೇ ಗಂಟೆಯ ಹಗ್ಗಕ್ಕೆ ಕಟ್ತಿದ್ದೆ!"

ಈ ಆರ್ಭಟಕ್ಕೆ ಮುದುಕಿ ಕಣ್ಣು ಬಿಟ್ಟಳು. "ಯಾಕಪ್ಪಾ ಮಗಾ, ಏನು ನೋಡ್ತಿದೀಯ?"

"ಹೊತ್ತು ನೋಡ್ತಿದೀನಿ!"

"ಅದರಲ್ಲಾ? ಅಯ್ಯೋ, ಅದು ಅವನದ್ದಲ್ವಾ?"

"ಯಾರದ್ದು?"

ಮುದುಕಿ ಹೆಸರು ಹೇಳಲಿಲ್ಲ. ಬೆರಳನ್ನು ನೆಲದ ಕಡೆ ತೋರಿಸಿ, ಶಿಲುಬೆ ಗುರುತು ಹಾಕಿಕೊಂಡಳು.

"ಬಲಗಡೆಯಾ? ಸುಳ್ಳು ಗಡಿಯಾರವನ್ನ ಯಾವ ಊರಲ್ಲಾದರೂ ಬಲಕ್ಕೆ ಇಡ್ತಾರಾ ಅಜ್ಜಿ?"

"ನೀವು ಮಾಲ್ಟಾದವರು ಬಲಕ್ಕೆ ಸತ್ಯ ಇಟ್ಟು ಊರೆಲ್ಲಾ ಸಾರಿಬಿಟ್ರಿ. ಅವನಿಗೂ ಗೊತ್ತಾಗ್ಹೋಯ್ತು. ಅದಕ್ಕೇ ನಮ್ಮ ಹಿರಿಯರು ಅದಲುಬದಲು ಮಾಡಿದ್ರು," ಎಂದು ಮುದುಕಿ ದಾರ ಸುತ್ತಿದ ಕಸೂತಿಯ ಕಡ್ಡಿ ಎತ್ತಿಕೊಂಡಳು. "ನಮ್ಮೂರಲ್ಲಿ ಯಾರೂ ಮೋಸಹೋಗಿಲ್ಲಪ್ಪ."

ವಿಸ್ತಿನ್ ಓಡಿದ. ಓಡಿದ ಎಂದರೆ, ಹಲಗೆಯ ಷರಾಯಿಯಲ್ಲಿ ಎಷ್ಟು ಓಡಬಹುದೋ ಅಷ್ಟು. ಬಸ್ಸು ಬಂತು, ಚಿಕ್ಕಮ್ಮನೂ ಬಂದಳು, ಇವತ್ತು ಬದನೆಕಾಯಿ! ಹಡಗುಕಟ್ಟೆಗೆ ತಲುಪಿದಾಗ ಹಡಗು ಆಗತಾನೇ ಬಾಲ ತೋರಿಸಿ ಹೊರಟಿತ್ತು. ಮುಂದಿನದು ಹತ್ತಿ, ಕಟಕಟೆ ಹಿಡಿದು ನಿಂತು, "ಹಡಗು ನಡೆಸ್ತಿದಾರೋ, ಸಮುದ್ರಕ್ಕೆ ಇಸ್ತ್ರಿ ಹಾಕ್ತಿದಾರೋ!" ಎಂದು ಕಪ್ತಾನನಿಗೆ ಕೇಳುವಂತೆ ಕೂಗಿದ. ಕಪ್ತಾನ ಕೈಬೀಸಿದ.

ಮಾಲ್ಟಾದಲ್ಲಿ ಇಳಿದು ಮತ್ತೆ ಬಸ್ಸು ಹಿಡಿದರು. ಊರು ಇನ್ನೂ ದೂರವಿತ್ತು. ಢಂ ಎಂದಿತು. ಹಲ್ ವರ್ದಾದ ಮೇಲೆ ಆಕಾಶದಲ್ಲಿ ಬೆಳ್ಳನೆಯ ಹೊಗೆಯ ಹೂ. ಸಂತ ಬಾಗಿಲು ದಾಟಿದಾಗ ಹಾರಿಸುವ ಮೊದಲ ಸಿಡಿಮದ್ದು. ಆಮೇಲೆ ಸಿಡಿಮದ್ದುಗಳು ಬಿಡುವಿಲ್ಲದೆ ಸಿಡಿದವು. ಒಂದೊಂದು ಢಂ ಎಂದಾಗಲೂ ವಿಸ್ತಿನ್ ತನ್ನ ಬಲಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ, ಗಾಯವಾದವನಂತೆ. ಡೊಲೋರ್ ಅವನ ಕೈಯಲ್ಲಿ ಒಂದು ಬದನೆಕಾಯಿ ಇಟ್ಟಳು. ಚಿಕ್ಕಮ್ಮ ಕೊಟ್ಟದ್ದು.

ಊರ ಬೀದಿಯಲ್ಲಿ ಜನವೋ ಜನ. ನೂಗಾಟ್ ಮಿಠಾಯಿ ಮಾರುವವರ ನಡುವೆ ನುಗ್ಗಿ ವಿಸ್ತಿನ್ ಮುಂದೆ ಬಂದ. ಸಂತ ಬಾಸ್ಟ್ಯನ್ ಬೀದಿಯ ನಡುವೆ ಓಲಾಡುತ್ತ ಬರುತ್ತಿದ್ದ. ಮುಂದಿನ ಬಲಮೂಲೆಯ ಕೆಳಗೆ, ಬಣ್ಣದ ಕಾಗದದ ಮಳೆಯಲ್ಲಿ ಮದುಮಗನಂತೆ ಮಿಂಚುತ್ತ, ಗ್ರೆತ್ಸು!

"ಇಳಿಸು! ಅದು ನನ್ನ ಮೂಲೆ!"

"ಬಾಗಿಲು ತೆರೆದಾಗ ಎಲ್ಲಿದ್ಯೋ?" ಎಂದ ಗ್ರೆತ್ಸು, ಭಾರ ಹೊತ್ತವನ ಘನತೆಯಿಂದ. "ನೋಡು, ಬಂದಿದೀಯಲ್ಲ, ಬರಿಗೈಲಿ ಕಳಿಸಬಾರದು. ಆ ಕವೆಗೋಲು ಹಿಡ್ಕೋ."

ಹೊರುವವರು ದಣಿದು ನಿಂತಾಗ ವಿಗ್ರಹಕ್ಕೆ ಆಸರೆ ಕೊಡುವ ಕೋಲು ಅದು. ಯಾರೋ ಅದನ್ನು ವಿಸ್ತಿನನ ಕೈಗೆ ತುರುಕಿದರು. ಒಂದು ಕೈಯಲ್ಲಿ ಬದನೆಕಾಯಿ, ಇನ್ನೊಂದರಲ್ಲಿ ಕವೆಗೋಲು, ಹಿಂದೆ ಉಪ್ಪಿನ ಬಿಳಿ ಹಲಗೆ. ಗ್ರೆತ್ಸುವಿನ ಮೂಲೆಗೆ ಆಸರೆ ಕೊಟ್ಟು ನಿಂತ ನಮ್ಮ ವಿಸ್ತಿನ್.

ಗ್ರೆತ್ಸು ಬೆವರು ಒರೆಸಿಕೊಂಡು, ಉಪ್ಪರಿಗೆಗಳಿಗೂ ಕೇಳುವಂತೆ ಕೇಳಿದ: "ಅಲ್ಲಪ್ಪಾ, ಎರಡು ಗಡಿಯಾರಕ್ಕೆ ಕೀಲಿ ಕೊಡೋ ಮಹಾರಾಯ! ಗೋಜೋದಲ್ಲಿ ಗಡಿಯಾರವೇ ಇರಲಿಲ್ವಾ?"

ವಿಸ್ತಿನ್ ಹೆಂಡತಿಯ ಕಡೆ ನೋಡಿದ. ಆ ನೋಟದಲ್ಲಿ ಮದುವೆಯ ದಿನ ಕೊಟ್ಟ ಎಲ್ಲ ಮಾತುಗಳ ನೆನಪೂ ಇತ್ತು. ಅದೇ ಕ್ಷಣಕ್ಕೆ ಬ್ಯಾಂಡಿನವರು ಹಾಳೆ ತಿರುವಲು ನಿಲ್ಲಿಸಿದರು.

"ಇತ್ತಪ್ಪಾ, ಎರಡಿತ್ತು," ಎಂದಳು ಡೊಲೋರ್. "ಇವರಿಗೋಸ್ಕರ ಅಂತಲೇ ಇಟ್ಟಿದ್ದನ್ನ ಇವರು ನೋಡಿದ್ರು."